ಕೈಗುಣಕ್ಕೆ ಅಡ್ಡ ಬಂದ ಕೈಗವಸು

ಯಮುನಮ್ಮ ಕುರ್ಚಿಯಲ್ಲಿ ಕುಳಿತರು, ತಲೆಯನ್ನು ಹಿಂದಕ್ಕೆ ಒರಗಿಸಿದರು, ಆದರೆ ಬಾಯಿ ತೆರೆಯಲಿಲ್ಲ. ಅವರ ಕಣ್ಣು ನನ್ನ ಗಂಡನ ಕೈಯ ಮೇಲೆ ನೆಟ್ಟಿತ್ತು. ಇವರು ಅಂದೇ ಮೊದಲ ಸಲ ಕಂದು ಬಣ್ಣದ ರಬ್ಬರಿನ ಕೈಗವಸು ಹಾಕಿಕೊಂಡಿದ್ದರು.

"ಅದೇನ್ರೀ ಡಾಕ್ಟ್ರೇ ಕೈಗೆ? ತೊಗಲಿಂದಾ?"

"ತೊಗಲಲ್ಲ ಅವ್ವಾ, ರಬ್ಬರು. ಮರದ ಹಾಲಿಂದ ಮಾಡಿದ್ದು."

"ಮರದ ಹಾಲಾದ್ರ ಮೈಲಿಗಿ ಇಲ್ಲ ಬಿಡ್ರಿ. ಆದ್ರ ನಾ ಬಂದಿದ್ದು ರಬ್ಬರಿಗಲ್ಲ, ನಿಮ್ಮ ಕೈಗೆ. ಕೈಗೆ ಮುಚ್ಚಳ ಹಾಕ್ಕೊಂಡು ನಿಂತ್ರ ಕೈಗುಣ ಹೊರಗ ಹೆಂಗ ಬರ್ತೈತಿ?"

ಇವರು ನಕ್ಕರು. ಸ್ಟೋವಿನ ಮೇಲೆ ಕುದಿಯುತ್ತಿದ್ದ ಇಕ್ಕಳಗಳನ್ನು ನೋಡಿಕೊಂಡು ನಿಂತಿದ್ದ ನನಗೆ ನಗು ಬರಲಿಲ್ಲ. ತೆಗೆಯಬೇಡಿ ಎಂದು ಕಣ್ಣಲ್ಲೇ ಹೇಳಿದೆ. ಇವರು ನನ್ನನ್ನು ನೋಡಿಯೂ ನೋಡದವರಂತೆ ಮುಖ ತಿರುಗಿಸಿ, ಒಂದೊಂದೇ ಬೆರಳನ್ನು ಎಳೆದು ಕೈಗವಸು ಕಳಚಿದರು. ಯಮುನಮ್ಮ ಕೂಡಲೇ ಬಾಯಿ ತೆರೆದರು.

ಐವತ್ತೇಳನೆಯ ಇಸವಿಯ ಮಾತು ಇದು. ಶಿಕಾರಿಪುರದ ನಮ್ಮ ಮನೆಯ ಬೀದಿಬದಿಯ ಕೋಣೆಯೇ ಇವರ ದವಾಖಾನೆ. ಮುಂಬಯಿಯಲ್ಲಿ ಹಲ್ಲಿನ ವೈದ್ಯ ಓದಿ ಬಂದವರು ನಮ್ಮ ತಾಲ್ಲೂಕಿಗೆ ಇವರೊಬ್ಬರೇ. ಅದಕ್ಕೆ ಮೊದಲು ಹಲ್ಲುನೋವು ಬಂದರೆ ಶಿವಮೊಗ್ಗೆಗೆ ಹೋಗಬೇಕಿತ್ತು. ಇಲ್ಲವೆ ಇಕ್ಕಳ ಹಿಡಿದ ಯಾವನಾದರೂ ಧೈರ್ಯವಂತನಿಗೆ ಬಾಯೊಡ್ಡಬೇಕಿತ್ತು. ಇವರು ನೋವಿಲ್ಲದೆ ಹಲ್ಲು ಕೀಳುವುದನ್ನು ಕಂಡ ಜನ ಅದನ್ನು ಓದಿಗೂ ಔಷಧಕ್ಕೂ ಸಲ್ಲಿಸಲಿಲ್ಲ, ಕೈಗೆ ಸಲ್ಲಿಸಿದರು. ವೀರಬಸಪ್ಪ ಡಾಕ್ಟ್ರ ಕೈಗುಣ ಎಂಬ ಮಾತು ನಮ್ಮ ಬೀದಿ ದಾಟಿ ಹಳ್ಳಿಗಳಿಗೆ ಹೋಯಿತು. ಒಮ್ಮೆ ತೊಗರ್ಸಿಯ ರೈತರೊಬ್ಬರು ಬಿತ್ತನೆಯ ಭತ್ತದ ಚೀಲವನ್ನೇ ಹೊತ್ತು ತಂದು, "ಒಂದು ಕೈ ಹಚ್ಚಿ ಕೊಡ್ರಿ" ಎಂದರು. ಇವರು ನಾಚಿಕೊಂಡೇ ಹಚ್ಚಿದರು. ಆ ವರ್ಷ ಎಲ್ಲರ ಗದ್ದೆಯೂ ಚೆನ್ನಾಗಿ ಬಂದಿತು. ಆದರೂ ಅವರು ಹೊಸ ಅಕ್ಕಿ ತಂದುಕೊಟ್ಟು ಹೋದರು.

ಆ ಕೈಯೇ ಕೆಟ್ಟಿತ್ತು. ಮೊದಲು ಬೆರಳ ಸಂದಿಯಲ್ಲಿ ಕೆಂಪು, ಆಮೇಲೆ ಸಣ್ಣ ನೀರ್ಗುಳ್ಳೆ, ಆಮೇಲೆ ಬಿರುಕು. ಹುಬ್ಬಳ್ಳಿಯಲ್ಲಿ ಚರ್ಮದ ವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಕನ್ನಡಕ ತೆಗೆದು, ಹಾಕಿ, ನೋಡಿ, ನಿಧಾನವಾಗಿ ಹೇಳಿದರು:

"ಇದು ಅಂಟುರೋಗವಲ್ಲ. ಹಲ್ಲು ಕೀಳುವ ಮೊದಲು ನೀವು ಚುಚ್ಚುವ ಪ್ರೊಕೇನ್ ಇದೆಯಲ್ಲ, ವಸಡು ಮರಗಟ್ಟಿಸುವ ಔಷಧ, ಅದು ನಿಮ್ಮ ಚರ್ಮಕ್ಕೆ ಆಗುತ್ತಿಲ್ಲ. ಅದನ್ನು ಮುಟ್ಟದಿದ್ದರೆ ವಾಸಿಯಾಗುತ್ತೆ. ಮುಟ್ಟುತ್ತಲೇ ಇದ್ದರೆ ಒಂದು ದಿನ ಚರ್ಮ ಯಾವುದನ್ನೂ ತಾಳದ ಹಾಗಾಗುತ್ತೆ, ಸೋಪನ್ನೂ ತಾಳುವುದಿಲ್ಲ. ಆಮೇಲೆ ನೀವು ಬೇರೆ ಕೆಲಸ ನೋಡಿಕೊಳ್ಳಬೇಕು."

ಬದಲಿ ಔಷಧವೊಂದು ಹೊಸದಾಗಿ ಬಂದಿದೆ, ಆದರೆ ಹೊರದೇಶದಿಂದ ಬರಬೇಕು, ಮುಂಬಯಿಯಲ್ಲೂ ಸಿಕ್ಕರೆ ಸಿಕ್ಕಿತು ಎಂದರು. ಅಲ್ಲಿಯವರೆಗೆ ಕೈಗವಸೇ ಗತಿ.

ಹಾಗೆ ಬಂದದ್ದು ಆ ರಬ್ಬರು. ಅದರ ಆರೈಕೆ ನನ್ನ ಪಾಲಿಗೆ ಬಂದಿತು. ದಿನವೂ ಸಂಜೆ ತೊಳೆದು, ಕುದಿಸಿ, ಒಳಗೂ ಹೊರಗೂ ಒಣಗಿಸಿ, ಪುಡಿ ಹಚ್ಚಿ ಇಡಬೇಕು. ಮಣಿಕಟ್ಟಿನ ಕಡೆ ತಿರುಚಿ ಹಿಡಿದರೆ ಒಳಗಿನ ಗಾಳಿ ಬೆರಳುಗಳಿಗೆ ತುಂಬಿ ಅವು ಸೆಟೆದು ನಿಲ್ಲುತ್ತವೆ. ಆಗ ಒಂದೊಂದು ಬೆರಳನ್ನೂ ಕೆನ್ನೆಯ ಹತ್ತಿರ ತಂದು ಎಲ್ಲಾದರೂ ಗಾಳಿ ಸೋರುತ್ತಿದೆಯೋ ನೋಡುತ್ತಿದ್ದೆ. ಸೂಜಿಯ ಮೊನೆಯಷ್ಟು ತೂತಿದ್ದರೂ ಔಷಧ ಒಳಗೆ ಹೋಗುತ್ತದೆ. ನನ್ನ ಅತ್ತೆ ರಾಜೇಶ್ವರಮ್ಮನವರು ಬಾಗಿಲಲ್ಲಿ ನಿಂತು ನೋಡಿ, "ಬಿ.ಎ. ಓದಿ ಬಂದಾಕಿ ರಬ್ಬರಿನ ಕೈಗೆ ಮುದ್ದು ಕೊಡ್ತಾಳ ನೋಡು" ಎಂದು ನಗುತ್ತಿದ್ದರು.

ಆದರೆ ರಬ್ಬರೂ ಆಗಿಬರಲಿಲ್ಲ. ಮುಂಗೈಯಲ್ಲಿ ಕೈಗವಸು ಎಲ್ಲಿಗೆ ಮುಗಿಯುತ್ತದೋ ಸರಿಯಾಗಿ ಅಲ್ಲಿಗೆ, ಬಳೆ ಕೊರೆದಂತೆ ಕೆಂಪು ಗೆರೆ ಎದ್ದಿತು. ಒಳಗೆ ಬೆವರು, ತುರಿಕೆ. ಇವರ ಹಳೆಯ ನಯವಾದ ಪಂಚೆಯನ್ನು ಹರಿದು ನಾನು ಒಳಗವಸು ಹೊಲಿದೆ, ಬಟ್ಟೆಯ ಮೇಲೆ ರಬ್ಬರು ಹಾಕಿಕೊಳ್ಳಲಿ ಎಂದು. ತುರಿಕೆ ಕಡಿಮೆಯಾಯಿತು. ಆದರೆ ಆ ವಾರವೇ ಒಬ್ಬರ ದವಡೆಯಲ್ಲಿ ಬೇರಿನ ತುದಿ ಮುರಿದು ಉಳಿಯಿತು. ಅದನ್ನು ಹುಡುಕುವುದು ಬೆರಳ ತುದಿಯಿಂದ. ಎರಡು ಪದರದ ಆಚೆಗೆ ಅದು ಸಿಗಲಿಲ್ಲ. ಬರಿಗೈ ಮಾಡಿಕೊಂಡ ಮೇಲೆಯೇ ಸಿಕ್ಕಿತು.

"ಬೆರಳಿಗೂ ಕಣ್ಣಿರುತ್ತೆ ನೀಲಾ," ಎಂದರು ಸಂಜೆ. "ನೀನು ಅದಕ್ಕೆ ಪಟ್ಟಿ ಕಟ್ಟಿಬಿಟ್ಟೆ."

ನಾನು ಇವರ ಕೈಗೆ ಮುಲಾಮು ಹಚ್ಚುತ್ತಿದ್ದೆ.

ಇವರ ಸಹಪಾಠಿಯೊಬ್ಬರು ಮುಂಬಯಿಯಿಂದ ಪ್ಲಾಸ್ಟಿಕ್ಕಿನ ಕೈಗವಸು ಕಳಿಸಿದ್ದು ಬೇಸಗೆಯಲ್ಲಿ. ನಾವಿಬ್ಬರೂ ಅಂಥದ್ದನ್ನು ಕಂಡಿರಲಿಲ್ಲ. ಹಾಲು ಬೆರೆಸಿದ ನೀರಿನ ಬಣ್ಣ, ತೆಳುವು, ಸಡಿಲ, ಬೆರಳು ಮಡಿಸಿದರೆ ಚರಪರ ಸದ್ದು. ಅಭ್ಯಾಸಬಲದಿಂದ ಇವರೇ ಒಂದು ಜೊತೆಯನ್ನು ರಬ್ಬರಿನ ಜೊತೆ ಕುದಿಯುವ ನೀರಿಗೆ ಹಾಕಿದರು. ಅವು ಒಂದಕ್ಕೊಂದು ಅಂಟಿಕೊಂಡು, ಎಮ್ಮೆಹಾಲಿನ ಕೆನೆಯಂತೆ ಮುದುಡಿ ಮೇಲೆ ಬಂದವು. ಉಳಿದವನ್ನು ಡೆಟಾಲ್ ನೀರಿನಲ್ಲಿ ನೆನೆಸಿ ತೊಳೆಯತೊಡಗಿದೆವು. ಎಂಜಲು ತಾಗಿದರೆ ಜಾರುತ್ತಿತ್ತು, ಇಕ್ಕಳ ಹಿಡಿಯಲು ಇವರು ಮತ್ತೆ ಕಲಿಯಬೇಕಾಯಿತು. ಆದರೆ ಚರ್ಮ ಸುಮ್ಮನಾಯಿತು. ಬಿರುಕು ಕೂಡಿಕೊಂಡಿತು. ಒಂದು ಬೆಳಿಗ್ಗೆ ಇವರು ಕೈಯಿಂದಲೇ ಬಿಸಿ ಅನ್ನ ಕಲಸಿಕೊಂಡು, ನಿಂಬೆ ಹಿಂಡಿಕೊಂಡು, ಉರಿಯಲಿಲ್ಲ ಎಂದು ನಮ್ಮ ಮಗಳು ಜಗದಾಂಬೆಗೆ ಕೈ ಎತ್ತಿ ತೋರಿಸಿದರು. ಆರು ವರ್ಷದ ಹುಡುಗಿಗೆ ಏನು ತಿಳಿಯಬೇಕು. ತಾನೂ ಕೈ ಎತ್ತಿ ತೋರಿಸಿದಳು. ನಾನು ಅಡುಗೆಮನೆಯ ಒಳಕ್ಕೆ ಹೋಗಿ ಇವರಿಗೆ ಇನ್ನೊಂದು ನಿಂಬೆ ಹೋಳು ತಂದೆ.

ಪ್ರತಿ ಸಂತೆಯ ದಿನ ನಾವು ಬಸ್ಸಿನಲ್ಲಿ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುತ್ತಿದ್ದೆವು. ಅಲ್ಲಿ ಬಟ್ಟೆ ಅಂಗಡಿಯ ಮಲ್ಲಿಕಾರ್ಜುನಪ್ಪನವರು ತಮ್ಮ ಅಂಗಡಿಯ ಪಕ್ಕದ ಕೋಣೆಯನ್ನು ಇವರಿಗೆ ಬಿಟ್ಟುಕೊಟ್ಟಿದ್ದರು. ಹೆಂಗಸರು ಬಂದರೆ ಜೊತೆಗೆ ಹೆಂಗಸೊಬ್ಬಳು ಇರಲಿ ಎಂದು ನಾನೂ ಹೋಗುತ್ತಿದ್ದೆ. ಪ್ಲಾಸ್ಟಿಕ್ ಬಂದ ಮೇಲೆ ಸೊರಬದ ಕೋಣೆಯಲ್ಲಿ ಜನ ಕಡಿಮೆಯಾಗುತ್ತ ಬಂದರು. ಒಂದು ಸಂತೆಯಲ್ಲಿ ಇಬ್ಬರು, ಮುಂದಿನದರಲ್ಲಿ ಯಾರೂ ಇಲ್ಲ.

ಅಂದು ಮಲ್ಲಿಕಾರ್ಜುನಪ್ಪನವರು ಕಾಫಿ ತರಿಸಿ, ಬಾಗಿಲು ಮುಂದೆ ಮಾಡಿ ಕುಳಿತರು.

"ಡಾಕ್ಟ್ರೇ, ಬೇಜಾರ್ ಮಾಡ್ಕೋಬ್ಯಾಡಿ. ಜನ ಒಂದು ಮಾತು ಆಡ್ತಾ ಇದಾರೆ."

"ಏನಂತ? ಕೈಗುಣ ಹೋಯ್ತು ಅಂತಲಾ?"

"ಅದಾದ್ರೆ ನಾನ್ಯಾಕೆ ಬಾಗ್ಲು ಹಾಕ್ಲಿ?" ಅವರು ನನ್ನ ಕಡೆ ನೋಡಿದರು, ನಾನಿರುವಾಗ ಹೇಳಲೋ ಬೇಡವೋ ಎಂಬಂತೆ. "ಶಿಕಾರಿಪುರದಲ್ಲಿ ಯಾರೋ ನಿಮ್ಮ ಕೈ ಒಡೆದಿದ್ದು ನೋಡಿದ್ರಂತೆ. ದೊಡ್ಡ ರೋಗ, ಅದಕ್ಕೇ ಮುಚ್ಕೊಂಡಿದಾರೆ ಅಂತ ಮಾತು."

ಕುಷ್ಠ ಎಂಬ ಪದವನ್ನು ನಮ್ಮ ಕಡೆ ಬಾಯಿಬಿಟ್ಟು ಹೇಳುವುದಿಲ್ಲ. ದೊಡ್ಡ ರೋಗ ಎಂದರೆ ಸಾಕು. ಯಮುನಮ್ಮ ಅಂದು ಕೈಗವಸು ಕಳಚಿದ ಇವರ ಬೆರಳು ನೋಡಿ, "ಅಯ್ಯ, ಕೊಬ್ಬರಿ ಎಣ್ಣಿ ಹಚ್ರಿ" ಎಂದಿದ್ದು ನೆನಪಾಯಿತು. ಅವರು ಮರುಕದಿಂದ ಯಾರಿಗೋ ಹೇಳಿರಬೇಕು. ಆ ಮರುಕ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಬೇರೆಯೇ ಆಗಿತ್ತು.

"ಈಗ ಕೈ ಚೆನ್ನಾಗೇ ಇದೆಯಲ್ಲ," ಎಂದು ಮಲ್ಲಿಕಾರ್ಜುನಪ್ಪನವರು ಇವರ ಕೈ ಹಿಡಿದು ನೋಡಿದರು. "ಮುಂದಿನ ಸಂತೆಗೆ ಬರಿಗೈಲಿ ಕೆಲ್ಸ ಮಾಡಿ ತೋರ್ಸಿ. ನಾಲ್ಕು ಜನ ನೋಡ್ಲಿ. ಮುಗೀತು. ಇಲ್ದಿದ್ರೆ ಈ ಮಾತು ಮನೆಗೆ ಅಂಟ್ಕೊಳ್ಳುತ್ತೆ. ನಿಮ್ಗೂ ಒಬ್ಳು ಮಗ್ಳು ಇದಾಳೆ."

ದಾರಿಯುದ್ದಕ್ಕೂ ನಾವು ಅದನ್ನೇ ಮಾತಾಡಿದೆವು. ಬೇಡ ಎಂದೆ. ಹಾಗಾದರೆ ಏನು ಮಾಡಲಿ ಎಂದರು. ತಾಳಗುಂದದ ಗದ್ದೆಗಳು ಹಿಂದೆ ಸರಿಯುವ ಹೊತ್ತಿಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದೆವು: ಜನರೆದುರು ಬರಿಗೈ ತೋರಿಸುವುದು, ಬರಿಗೈಯಲ್ಲೇ ಬಾಯಿ ಪರೀಕ್ಷಿಸುವುದು, ಆದರೆ ಸೂಜಿ ಎತ್ತಿಕೊಳ್ಳುವ ಮೊದಲು ಕೈಗವಸು ಹಾಕಿಕೊಳ್ಳುವುದು. "ಆಣೆ ಮಾಡಿ" ಎಂದೆ. "ಲಿಂಗ ಮುಟ್ಟಿ ಹೇಳ್ಲಾ?" ಎಂದು ನಕ್ಕರು. ಮಾಡಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಮುಂದಿನ ಸಂತೆಗೆ ಮಲ್ಲಿಕಾರ್ಜುನಪ್ಪನವರು ಬಾಯಿಂದ ಬಾಯಿಗೆ ಸುದ್ದಿ ಹಬ್ಬಿಸಿದ್ದರು. ಕೋಣೆಯ ಬಾಗಿಲು ಪೂರ್ತಿ ತೆರೆದು, ಕುರ್ಚಿಯನ್ನು ಹೊಸ್ತಿಲ ಹತ್ತಿರಕ್ಕೆ ಎಳೆದಿದ್ದರು. ಬೀದಿಯಲ್ಲಿ ಮೂವತ್ತು ನಲವತ್ತು ಜನ. ಎಲ್ಲರಿಗಿಂತ ಮುಂದೆ ಕುಬಟೂರಿನ ಉಚ್ಚಂಗಪ್ಪ. ಒಂದು ಕೆನ್ನೆ ತೆಂಗಿನಕಾಯಿಯಂತೆ ಊದಿತ್ತು, ಆದರೂ ಬಾಯಿಗೆ ಬಿಡುವಿರಲಿಲ್ಲ.

"ನನ್ ಹೆಂಡ್ತಿ ಹೇಳ್ತಾಳೆ, ಮುಖ ಊದಿದ್ ಮೇಲೇ ನೋಡೋಕೆ ಚಂದ ಆಗಿದ್ದು ಅಂತ. ಕೀಳಿಸ್ಲೋ ಬ್ಯಾಡ್ವೋ ಹೇಳ್ರಪ್ಪಾ."

ಜನ ನಕ್ಕರು. ಇವರು ಹೊಸ್ತಿಲಲ್ಲಿ ಕೈ ತೊಳೆದು, ಒರೆಸಿ, ಎರಡೂ ಕೈ ಮುಂದೆ ಚಾಚಿದರು. ಉಚ್ಚಂಗಪ್ಪ ಅವನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ, ದನದ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವರ ಗಾಂಭೀರ್ಯದಿಂದ ನೋಡಿ, "ಏನೂ ಇಲ್ಲ ಕಣ್ರೋ! ನನ್ ಕೈಗಿಂತ ಚೊಕ್ಕಾಗೈತೆ" ಎಂದು ಕೂಗಿದ. ಅವನು ಕುರ್ಚಿಯಲ್ಲಿ ಕುಳಿತ. ಇವರು ಬರಿಗೈಯಲ್ಲೇ ಬಾಯಿ ನೋಡಿದರು, ಕೆಟ್ಟ ಹಲ್ಲನ್ನು ಗುರುತಿಸಿದರು. ಆಮೇಲೆ ನನ್ನ ಕಡೆ ಕೈ ನೀಡಿದರು. ನಾನು ಪ್ಲಾಸ್ಟಿಕ್ಕಿನ ಕೈಗವಸು ಕೊಟ್ಟೆ.

ಉಚ್ಚಂಗಪ್ಪ ತಲೆ ಎತ್ತಿದ.

"ಈಗ್ಯಾಕೆ ಅದು? ಹೊರಗೆ ತೋರ್ಸೋಕೆ ಒಂದು ಕೈ, ಒಳಗೆ ಹಾಕೋಕೆ ಇನ್ನೊಂದು ಕೈಯಾ?"

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಇವರು ಸಮಾಧಾನವಾಗಿಯೇ ಹೇಳಿದರು: "ಹಾಗಲ್ಲಪ್ಪಾ. ಈ ಸೂಜಿ ಮದ್ದು ನನ್ನ ಚರ್ಮಕ್ಕೆ ಆಗೋದಿಲ್ಲ. ತಾಗಿದರೆ ಗುಳ್ಳೆ ಏಳ್ತವೆ. ಅದಕ್ಕೇ ಇದು."

ನಿಜವನ್ನೇ ಹೇಳಿದ್ದರು. ಉಚ್ಚಂಗಪ್ಪ ಕುರ್ಚಿಯಲ್ಲೇ ನೆಟ್ಟಗೆ ಎದ್ದು ಕುಳಿತ.

"ನಿಮ್ ಕೈಗೇ ಆಗದ ಮದ್ದನ್ನ ನಮ್ ಬಾಯಿಗೆ ಚುಚ್ತೀರಾ?"

ಈಗ ಯಾರೂ ನಗಲಿಲ್ಲ. ಮಗುವನ್ನೆತ್ತಿಕೊಂಡಿದ್ದ ಹೆಂಗಸೊಬ್ಬಳು ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಬ್ಬರು ಹೆಗಲಿನ ವಲ್ಲಿ ಕೊಡವಿ ಹೊರಡಲು ಅಣಿಯಾದರು. ಒಬ್ಬನ ಚರ್ಮಕ್ಕೆ ಆಗದ್ದು ಇನ್ನೊಬ್ಬನ ಮೈಗೆ ಒಗ್ಗುತ್ತದೆ ಎಂದು ಹೇಳಬಹುದಿತ್ತು. ಬದನೆಕಾಯಿ ತಿಂದರೆ ತುರಿಕೆ ಬರುವವರು ಪ್ರತಿ ಊರಲ್ಲೂ ಇರುತ್ತಾರೆ. ನಾನು ಹೇಳಲು ಬಾಯಿ ತೆರೆದೆ ಕೂಡ. ಆದರೆ ಇವರು ಜನರ ಮುಖ ನೋಡುತ್ತಿದ್ದರು. ಆ ಮುಖಗಳಲ್ಲಿ ಹಳೆಯ ಮಾತು ಮತ್ತೆ ಮೂಡುತ್ತಿರುವುದು ನನಗೂ ಕಾಣುತ್ತಿತ್ತು.

ಇವರು ಕೈಗವಸನ್ನು ತಟ್ಟೆಯಲ್ಲಿಟ್ಟರು. ಬರಿಗೈಯಲ್ಲಿ ಗಾಜಿನ ಪಿಚಕಾರಿ ಎತ್ತಿಕೊಂಡರು.

"ರೀ," ಎಂದೆ.

"ಒಂದೇ ದಿನ ನೀಲಾ," ಎಂದರು, ನನಗಷ್ಟೇ ಕೇಳುವಂತೆ.

ಗಾಳಿ ಹೊರಡಿಸಲು ಪಿಚಕಾರಿ ಒತ್ತಿದಾಗ ಸೂಜಿಯ ತುದಿಯಲ್ಲಿ ಒಂದು ಹನಿ ಮೂಡಿ, ಸೂಜಿಯ ಮೈಗುಂಟ ಇಳಿದು, ಇವರ ತೋರುಬೆರಳಿಗೆ ಬಂತು. ನಾನು ಹತ್ತಿಯಿಂದ ಒರೆಸಿದೆ. ಹಲ್ಲು ಕಿತ್ತು ಬಂದಿತು. ಉಚ್ಚಂಗಪ್ಪ ಅದನ್ನು ಅಂಗೈಯಲ್ಲಿ ಹಿಡಿದು ಬೀದಿಗೆಲ್ಲ ತೋರಿಸಿದ. "ನೋವೇ ಇಲ್ಲ ಕಣ್ರೋ! ಅದೇ ಕೈ, ಅದೇ ಗುಣ!" ಹೊರಡಲು ಅಣಿಯಾದವರು ವಲ್ಲಿ ಹಾಸಿ ಕುಳಿತರು. ಒಬ್ಬರ ಹಿಂದೆ ಒಬ್ಬರು ಬಂದರು. ಎಷ್ಟೋ ತಿಂಗಳಿಂದ ನೋವು ನುಂಗಿಕೊಂಡು ಕಾದಿದ್ದವರೂ ಅಂದೇ ಬಂದರು. ಪ್ರತಿಯೊಬ್ಬರಿಗೂ ಸೂಜಿ, ಪ್ರತಿ ಸೂಜಿಗೂ ಹನಿ. ನಾನು ಒರೆಸುತ್ತಲೇ ಇದ್ದೆ. ನಡುನಡುವೆ ಕೈ ತೊಳೆಸಿದೆ. ಇವರು ಮಾತ್ರ ತುಂಬ ದಿನಗಳ ಮೇಲೆ ಖುಷಿಯಾಗಿದ್ದರು. ಬೆರಳುಗಳು ತಡವರಿಸದೆ ಕೆಲಸ ಮಾಡುತ್ತಿದ್ದವು. ಮುರಿದ ಬೇರೊಂದನ್ನು ಕಣ್ಣು ಮುಚ್ಚಿ ಹುಡುಕಿ ತೆಗೆದು, "ನೋಡಿದ್ಯಾ?" ಎಂದು ನನ್ನ ಕಡೆ ತಿರುಗಿ ಮಗುವಿನಂತೆ ನಕ್ಕರು. ನಾನು ನೋಡಿದ್ದು ಬೆರಳ ಬುಡದ ಕೆಂಪನ್ನು.

ಬಸ್ಸಿನಲ್ಲಿ ಇವರು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಮಾತಾಡುತ್ತಲೇ ಇದ್ದರು. ಶಿರಾಳಕೊಪ್ಪ ದಾಟುವಾಗ ಮಾತು ನಿಂತಿತು. ಕೈಗಳನ್ನು ಒಂದಕ್ಕೊಂದು ಉಜ್ಜತೊಡಗಿದರು. "ಉಜ್ಜಬೇಡಿ" ಎಂದೆ. "ಇಲ್ಲ" ಎಂದರು, ಉಜ್ಜುತ್ತಲೇ. ಮನೆ ಸೇರುವಷ್ಟರಲ್ಲಿ ಉಂಗುರದ ಬೆರಳು ಬಾತು, ಉಂಗುರ ತೆಗೆಯಲು ಎಣ್ಣೆ ಹಚ್ಚಬೇಕಾಯಿತು.

ಈ ಸಲ ಅದು ಕೈಗೆ ನಿಲ್ಲಲಿಲ್ಲ. ಮುಂಗೈ, ಮೊಣಕೈ, ಕೊನೆಗೆ ಕಣ್ಣಿನ ರೆಪ್ಪೆ. ಗುಳ್ಳೆಗಳು ಒಡೆದು ಕೀವಾದವು. ಜ್ವರ ಬಂತು. ಅತ್ತೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟರು. ಆ ಘಾಟಿಗೆ ಇವರು ಇನ್ನಷ್ಟು ಕೆಮ್ಮಿದರು. "ಅಷ್ಟು ಜನರ ಕಣ್ಣು ಬಿದ್ದೈತಿ, ಬಿಡ್ತೈತಾ?" ಎಂದು ಅವರು ಒಲೆಯೆದುರು ಕುಳಿತು ಅತ್ತರು. ಹುಬ್ಬಳ್ಳಿಯ ವೈದ್ಯರು ಈ ಬಾರಿ, ಬೇರೆ ಕೆಲಸ ನೋಡಿಕೊಳ್ಳಿ ಎಂದಷ್ಟೇ ಹೇಳಿದರು. ಎರಡು ಬೆರಳಿನ ಉಗುರು ಹೋದವು. ಹುಣ್ಣು ಮಾಯ್ದ ಮೇಲೆ ಉಳಿದ ಚರ್ಮ ಒಣಗಿದ ಕೆರೆಯ ನೆಲದಂತಿತ್ತು, ಮಡಿಸಿದರೆ ಸೀಳುತ್ತಿತ್ತು. ಸೋಪು ಆಗದು, ಡೆಟಾಲ್ ಆಗದು, ಬಿಸಿನೀರು ಆಗದು. ಅಷ್ಟು ದಿನ ಒಗ್ಗಿದ್ದ ಪ್ಲಾಸ್ಟಿಕ್ಕೂ ಈಗ ಆಗದು. ಇವರ ಕೈಗೆ ಹಾಕಬಹುದಾದ್ದೆಂದರೆ ನಾನು ಹೊಲಿದ ಹಳೆಯ ಪಂಚೆಯ ಬಟ್ಟೆ ಮಾತ್ರ, ಮತ್ತು ಬಟ್ಟೆ ಹಾಕಿದ ಕೈಯಿಂದ ಯಾರ ಬಾಯಿಗೂ ಕೈ ಹಾಕಲಾಗದು.

ಸುದ್ದಿ ಸೊರಬಕ್ಕೆ ತಲುಪಿತು. ಉಚ್ಚಂಗಪ್ಪನೇ ಒಂದು ದಿನ ಬಂದ, ಬೆಲ್ಲದ ಉಂಡೆ ಹೊತ್ತು. ಇವರನ್ನು ನೋಡಿ ಹೊಸ್ತಿಲಲ್ಲೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ.

"ನಾವೆಲ್ಲ ಮಾತಾಡ್ಕೊಂಡ್ವಿ ಡಾಕ್ಟ್ರೇ," ಎಂದ. ದನಿಯಲ್ಲಿ ತಮಾಷೆಯ ಸುಳಿವಿರಲಿಲ್ಲ. "ಅವತ್ತೊಂದೇ ದಿನ ನಿಮ್ ಕೈಗುಣ ಪೂರ್ತಿ ನಮ್ಗೇ ಕೊಟ್ಬಿಟ್ರಿ. ಒಂದಿಷ್ಟು ಉಳಿಸ್ಕೋಬಾರ್ದಾಗಿತ್ತಾ?"

ಇವರು ಪ್ರೊಕೇನಿನ ವಿಷಯ ಮತ್ತೆ ಹೇಳುತ್ತಾರೇನೋ ಎಂದುಕೊಂಡೆ. "ಹಲ್ಲು ಕಿತ್ತ ಜಾಗ ಮಾಯ್ತೇನಪ್ಪಾ?" ಎಂದು ಕೇಳಿದರು. ಮಾಯ್ತು ಎಂದ. "ಹಾಗಾದ್ರೆ ಸರಿ" ಎಂದರು.

ಬದಲಿ ಔಷಧ ಮರುವರ್ಷ ಮುಂಬಯಿಯಿಂದ ಬಂತು. ಇವರು ಪೊಟ್ಟಣವನ್ನು ಮುಟ್ಟದೆ, ಅದರ ಮೇಲಿನ ಅಕ್ಷರಗಳನ್ನು ನನ್ನಿಂದ ಓದಿಸಿಕೊಂಡು, ಕುರ್ಚಿ, ಇಕ್ಕಳ, ಕಾಲಿನಿಂದ ತುಳಿದು ಹಲ್ಲು ಕೊರೆಯುವ ಯಂತ್ರ ಇವುಗಳ ಜೊತೆ ಅದನ್ನೂ ದಾವಣಗೆರೆಯಲ್ಲಿ ಹೊಸದಾಗಿ ಕೆಲಸ ಶುರು ಮಾಡಿದ್ದ ವೈದ್ಯರಿಗೆ ಕಳಿಸಲು ಹೇಳಿದರು. ಗಾಡಿಗೆ ಸಾಮಾನು ಏರಿಸುವಾಗ ಹೊರಗೆ ಬರಲಿಲ್ಲ. ಬೀದಿಬದಿಯ ಕೋಣೆಯಲ್ಲಿ ಅತ್ತೆ ಭತ್ತದ ಚೀಲ ಇಡಿಸಿದರು. ಇವರು ಅಣ್ಣನ ಧಾನ್ಯದ ಮಂಡಿಯಲ್ಲಿ ಹೋಗಿ ಕೂರತೊಡಗಿದರು. ಮೊದಲಿನ ಹಾಗೆಯೇ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುತ್ತಿದ್ದರು. ಗುಂಡಿ ಮಾತ್ರ ನಾನು ಹಾಕಬೇಕಿತ್ತು.

ಆ ಮಳೆಗಾಲದ ಒಂದು ಮಧ್ಯಾಹ್ನ ಜಗದಾಂಬೆ ಶಾಲೆಯಿಂದ ಓಡಿ ಬಂದಳು. ಮುಂದಿನ ಹಾಲುಹಲ್ಲು ಅಲ್ಲಾಡುತ್ತಿತ್ತು. ನೇರವಾಗಿ ಅಪ್ಪನ ಮುಂದೆ ನಿಂತು ಬಾಯಿ ತೆರೆದಳು. ಇವರು ಬಾಗಿ ನೋಡಿದರು. ಬಟ್ಟೆ ಸುತ್ತಿದ ಕೈ ಅವಳ ಗಲ್ಲದವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಬಂತು.

"ಅವ್ವ ಕೀಳ್ತಾಳೆ," ಎಂದರು. "ನಾನು ಹೇಳಿಕೊಡ್ತೀನಿ."

"ಅವ್ವಂಗೆ ಬರಲ್ಲ! ನೀನೇ ಕೀಳಪ್ಪಾ."

"ಬರುತ್ತೆ. ನೀಲಾ, ಕೈ ತೊಳ್ಕೋ. ಬೆರಳಿಗೆ ಒಣ ಬಟ್ಟೆ ಸುತ್ಕೋ, ಜಾರಲ್ಲ. ಎಳೀಬೇಡ. ಮುಂದಕ್ಕೆ ತಳ್ಳು. ಹಾಂ. ಈಗ ಹಿಂದಕ್ಕೆ. ಬೆರಳಿಗೆ ಏನು ಗೊತ್ತಾಗುತ್ತೆ?"

"ಒಂದು ಕಡೆ ಇನ್ನೂ ಹಿಡ್ಕೊಂಡಿದೆ."

"ಯಾವ ಕಡೆ?"

"ಎಡಗಡೆ."

"ಹಾಗಾದ್ರೆ ಅತ್ತಕಡೆಗೇ ತಿರುವು. ಮೆಲ್ಲಗೆ. ಅವಳ ಮುಖ ನೋಡ್ಬೇಡ, ಹಲ್ಲು ನೋಡು."

ನನ್ನ ಬೆರಳ ಕೆಳಗೆ ಏನೋ ಸಣ್ಣದು ಬಿಟ್ಟುಕೊಂಡಿತು. ಜಗದಾಂಬೆ ಅಳಲು ಮರೆತು, ನಾಲಿಗೆಯಿಂದ ಖಾಲಿ ಜಾಗ ಹುಡುಕಿಕೊಂಡು, ಅಜ್ಜಿಗೆ ತೋರಿಸಲು ಒಳಗೆ ಓಡಿದಳು. ಹಲ್ಲು ನನ್ನ ಅಂಗೈಯಲ್ಲಿ ಉಳಿಯಿತು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು.

ಇವರು ಹತ್ತಿರ ಬಂದು ಬಾಗಿದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ತಿರುಗಿಸು," ಎಂದರು.

ತಿರುಗಿಸಿದೆ.

"ಬೇರು ಪೂರ್ತಿ ಕರಗಿದೆ. ಹೊಸದು ನೆಟ್ಟಗೆ ಬರುತ್ತೆ." ಇನ್ನಷ್ಟು ಬಾಗಿದರು. "ಇನ್ನೊಂದು ಕಡೆ ತಿರುಗಿಸು."

ಇನ್ನೊಂದು ಕಡೆ ತಿರುಗಿಸಿ, ಕೈ ಅಲುಗದಂತೆ ಹಿಡಿದು, ಇವರು ಸಾಕು ಎನ್ನುವವರೆಗೆ ನಿಂತೆ.